ಚಾರ್ಲಿ ಯಾರು?

"ಅಲ್ಲ ಯಜ್ಞೇಶಾ, ಈ ಚಾರ್ಲಿ ಯಾರು ಮಾರಾಯ?"

ದೂಮಪ್ಪಣ್ಣ ಅಷ್ಟೇ ಕೇಳಿದ್ದು. ಆ ಶುಕ್ರವಾರದ ರಾದ್ಧಾಂತಕ್ಕೆಲ್ಲ ಅದೇ ಮೂಲ.

ದೋಹಾದಲ್ಲಿ ಆಗ ಚಳಿಗಾಲ. ಅಂದರೆ ನಮ್ಮವರು ಪೆಟ್ಟಿಗೆಯಿಂದ ಸ್ವೆಟರ್ ತೆಗೆದು, ಬೆವರುತ್ತಲೇ ಹಾಕಿಕೊಳ್ಳುವ ಕಾಲ. ಮದೀನತ್ ಖಲೀಫಾದ ಒಂದು ಶಾಲೆಯ ಮೈದಾನದಲ್ಲಿ ಕಡಲ ಬಳಗದ ವಾರ್ಷಿಕ ಕ್ರೀಡಾಕೂಟ. ಹೆಸರಿಗೆ ಕಡಲ ಬಳಗ. ಸದಸ್ಯರಲ್ಲಿ ಉಡುಪಿ, ಮಂಗಳೂರಿನವರಷ್ಟೇ ಅಲ್ಲ, ವಿಮಾನದ ಕಿಟಕಿಯಿಂದಲೇ ಮೊದಲ ಸಲ ಕಡಲು ಕಂಡ ಬಾಗಲಕೋಟೆಯವರೂ ಇದ್ದರು. ಯಜ್ಞೇಶ್ ಸ್ವಯಂಸೇವಕರ ಕೈಗೆ ಒಂದೊಂದು ವಾಕಿಟಾಕಿ, ಒಂದೊಂದು ಕಾರ್ಡು ಹಂಚುತ್ತಿದ್ದ. ಕಾರ್ಡಿನಲ್ಲಿ ಆಲ್ಫಾ, ಬ್ರಾವೋ, ಚಾರ್ಲಿ, ಡೆಲ್ಟಾ ಎಂದು ಸಾಲಾಗಿ ಬರೆದಿತ್ತು.

"ಚಾರ್ಲಿ ಯಾರೂ ಅಲ್ಲ ದೂಮಪ್ಪಣ್ಣ. ರೇಡಿಯೋದಲ್ಲಿ ಸಿ ಅಂತ ಹೇಳುವ ಬದಲು ಚಾರ್ಲಿ ಅನ್ನುದು. ಬಿ, ಸಿ, ಡಿ, ಪಿ ಎಲ್ಲ ಗಲಾಟೆಯಲ್ಲಿ ಒಂದೇ ತರ ಕೇಳ್ತದೆ ಅಲ್ವಾ, ಅದಕ್ಕೆ."

"ಹಾಗಾದ್ರೆ ಈ ಮೈಕ್? ವಿಕ್ಟರ್? ಆಸ್ಕರ್? ಇವರೆಲ್ಲ ಎಲ್ಲಿಯವರು? ಬಳಗಕ್ಕೆ ಮೆಂಬರ್‌ಶಿಪ್ ಕಟ್ಟಿದ್ದಾರಾ?"

ದೂಮಪ್ಪಣ್ಣ ಬಳಗದ ಕಾರ್ಯದರ್ಶಿ. ಅಲ್ ಮನ್ಸೂರಾದಲ್ಲಿ ಅವರದ್ದು ಬಲ್ಬು, ವಯರುಗಳ ಅಂಗಡಿ. ಅವರಿಗೊಂದು ಪ್ರಶ್ನೆ ಹುಟ್ಟಿತೆಂದರೆ ಎದುರಿಗಿದ್ದವರಿಗೆ ಒಂದು ಕೆಲಸ ಹುಟ್ಟಿತೆಂದೇ ಲೆಕ್ಕ. ಬೇರೆ ದಿನವಾಗಿದ್ದರೆ ಯಜ್ಞೇಶ್ ನಕ್ಕು ಜಾರಿಕೊಳ್ಳುತ್ತಿದ್ದ. ಇವತ್ತು ಹಾಗೆ ಮಾಡುವಂತಿರಲಿಲ್ಲ.

ಯಾಕೆಂದರೆ ಅವನ ಕೆಲಸ ಹೋಗಿತ್ತು. ಲುಸೈಲಿನ ಒಂದು ದೊಡ್ಡ ಕಟ್ಟಡದ ಪ್ರಾಜೆಕ್ಟಿನಲ್ಲಿ ಅವನು ಕಂಟ್ರೋಲ್ ರೂಮಿನ ಆಪರೇಟರ್. ಕಟ್ಟಡ ಎದ್ದು ನಿಂತಿತು, ಇವನನ್ನು ಎದ್ದು ಹೋಗು ಎಂದಿತು. ತಿಂಗಳ ಕೊನೆಗೆ ಖಲಾಸ್. ಮಗಳು ದೀಕ್ಷಿತಾ ಹತ್ತನೇ ಕ್ಲಾಸು. ಪರೀಕ್ಷೆಯ ಹೊತ್ತಿಗೆ ಸರಿಯಾಗಿ ಅವಳನ್ನು ಕಿತ್ತುಕೊಂಡು ಊರಿಗೆ ಹೋಗಬೇಕಾದೀತೆಂಬ ಹೆದರಿಕೆಗೆ ಅವನಿಗೂ ಹೆಂಡತಿ ಜ್ಯೋತ್ಸ್ನಾಳಿಗೂ ಅನ್ನ ಸೇರುತ್ತಿರಲಿಲ್ಲ. ಆಗ ಕೈ ಹಿಡಿಯುವಂತೆ ಕಂಡವರು ಬಳಗದ ಅಧ್ಯಕ್ಷ ಲ್ಯಾನ್ಸ್‌ಲಾಟ್ ಸರ್. ಅವರ ಕಂಪನಿಗೆ ಕಂಟ್ರೋಲ್ ರೂಮಿನ ಇನ್‌ಚಾರ್ಜ್ ಒಬ್ಬ ಬೇಕಾಗಿತ್ತು.

"ನೋಡು ಯಜ್ಞೇಶ್," ಎಂದಿದ್ದರು ಅವರು, "ಆ ಕುರ್ಚಿಗೆ ಬಳಗದ ಒಬ್ಬೊಬ್ಬನೂ ಒಬ್ಬೊಬ್ಬನನ್ನು ಹಿಡ್ಕೊಂಡು ಬಂದಿದ್ದಾನೆ. ದೂಮಪ್ಪನಿಗೆ ಅಳಿಯ, ನೌಶಾದನಿಗೆ ಬಾವ, ರೋಶನ್‌ಗೆ ಕಸಿನ್. ಒಬ್ಬನಿಗೆ ಕೊಟ್ರೆ ಉಳಿದವರ ಮುಖ ಇಷ್ಟುದ್ದ ಆಗ್ತದೆ. ಕ್ರೀಡಾಕೂಟದ ರೇಡಿಯೋ ವ್ಯವಸ್ಥೆ ನೀನು ನೋಡ್ಕೋ. ನಾನು ನಿನ್ನನ್ನು ನೋಡ್ತೇನೆ."

ಹಾಗೆ ಯಜ್ಞೇಶ್ ಒಂದು ವಾರ ನಿದ್ದೆಗೆಟ್ಟು ವ್ಯವಸ್ಥೆ ಮಾಡಿದ್ದ. ಮೈದಾನವನ್ನು ಚೌಕಗಳಾಗಿ ವಿಂಗಡಿಸಿ, ಚೌಕಕ್ಕೊಂದು ಇಂಗ್ಲಿಷ್ ಅಕ್ಷರದ ಬೋರ್ಡು ನೆಟ್ಟಿದ್ದ. ಯಾವ ಮೂಲೆಯಲ್ಲಿ ಮಗು ಬಿದ್ದರೂ, ನೀರು ಮುಗಿದರೂ, ಹಗ್ಗ ಕಡಿದರೂ ಅಕ್ಷರ ಹೇಳಿದರೆ ಸಾಕು, ಜನ ಅಲ್ಲಿಗೆ ಓಡಬೇಕು.

ಆದ್ದರಿಂದ ಅವನು ದೂಮಪ್ಪಣ್ಣನಿಗೆ ಸಮಾಧಾನದಿಂದಲೇ ವಿವರಿಸಿದ. ವಿವರಿಸುವುದೆಂದರೆ ಅವನಿಗೆ ಸುಖವೂ ಹೌದು. ಈ ಅಕ್ಷರಮಾಲೆಯ ಕತೆಯನ್ನು ಅವನು ಮದುವೆಯಾದ ಹೊಸತರಲ್ಲಿ ಜ್ಯೋತ್ಸ್ನಾಳಿಗೆ ಹೇಳಿದ್ದ. ಅವಳು ಅದನ್ನು ಇನ್ನೂ ಕ್ಷಮಿಸಿರಲಿಲ್ಲ.

"ಮೊದಲು ಎಲ್ಲರದ್ದೂ ಬೇರೆ ಬೇರೆ ಇತ್ತು ದೂಮಪ್ಪಣ್ಣ. ಇಂಗ್ಲಿಷರದ್ದು ಒಂದು, ಅಮೆರಿಕದವರದ್ದು ಒಂದು. ಮಹಾಯುದ್ಧ ಮುಗಿದ ಮೇಲೆ ವಿಮಾನಗಳು ಎಲ್ಲ ದೇಶಕ್ಕೂ ಹಾರ್ಲಿಕ್ಕೆ ಶುರು ಮಾಡಿದ್ವು. ಪೈಲಟ್ ಒಂದು ಹೇಳಿದ್ರೆ ಕೆಳಗಿನವನಿಗೆ ಇನ್ನೊಂದು. ಕೆನಡಾದಲ್ಲಿ ಒಬ್ಬ ಭಾಷೆಯ ಪ್ರೊಫೆಸರಿಗೆ ಹೇಳಿ ಹೊಸ ಪಟ್ಟಿ ಮಾಡಿಸಿದ್ರು. ಆಮೇಲೆ ಬೇರೆ ಬೇರೆ ದೇಶದ ಜನರನ್ನು ಕೂರಿಸಿ, ಗದ್ದಲದಲ್ಲಿ ಕೇಳಿಸಿ, ಯಾವ ಶಬ್ದ ಎಲ್ಲರಿಗೂ ತಿಳೀತದೆ ಅಂತ ಪರೀಕ್ಷೆ ಮಾಡಿದ್ರು. ಕೆಲವನ್ನು ತೆಗೆದ್ರು, ಕೆಲವನ್ನು ಹಾಕಿದ್ರು. ಸಿ ಅಕ್ಷರಕ್ಕೆ ಆ ಪಟ್ಟಿಯಲ್ಲಿ ಕೋಕಾ ಅಂತ ಇತ್ತು. ಅದನ್ನು ತೆಗೆದು ಚಾರ್ಲಿ ಮಾಡಿದ್ರು."

"ಕೋಕಾ ತೆಗೆದ್ರಾ?" ದೂಮಪ್ಪಣ್ಣನ ಕಿವಿ ನಿಮಿರಿತು. "ಸ್ಪಾನ್ಸರ್ ಕೈ ಕೊಟ್ಟಿರ್ಬೇಕು."

"ಅದು ಸ್ಪಾನ್ಸರ್ ಅಲ್ಲ ದೂಮಪ್ಪಣ್ಣ..."

"ಇವರು ಹೇಳುದು ಇನ್ನೂ ಉಂಟು," ಎಂದಳು ನೀರಿನ ಬಾಟಲಿ ಜೋಡಿಸುತ್ತಿದ್ದ ಜ್ಯೋತ್ಸ್ನಾ. "ಮಾಡಿದ್ದು ವಿಮಾನದವರು, ಜನ ಕರೆಯುದು ಮಾತ್ರ ನೇಟೋ ಅಕ್ಷರ ಅಂತ. ಕೆಲಸ ಒಬ್ಬರದ್ದು, ಹೆಸರು ಇನ್ನೊಬ್ಬರಿಗೆ. ಅದನ್ನು ಹೇಳುವಾಗ ಇವರಿಗೆ ಕಣ್ಣಲ್ಲಿ ನೀರು ಬರ್ತದೆ."

ಆದರೆ ದೂಮಪ್ಪಣ್ಣ ಅದನ್ನು ಕೇಳಿಸಿಕೊಳ್ಳುತ್ತಿರಲಿಲ್ಲ. ಕಾರ್ಡನ್ನು ಮೂಗಿನ ಹತ್ತಿರ ಹಿಡಿದು ಅವರು ಬೇರೇನೋ ನೋಡುತ್ತಿದ್ದರು.

"ಯಜ್ಞೇಶಾ, ಇಲ್ಲಿ ಇಷ್ಟೆಲ್ಲ ಅಕ್ಷರ ಖಾಲಿ ಉಂಟು!"

"ಖಾಲಿ ಇಲ್ಲ ದೂಮಪ್ಪಣ್ಣ, ಎಲ್ಲದಕ್ಕೂ ಹೆಸರುಂಟು."

"ಗುರ್ತ ಇಲ್ಲದವರ ಹೆಸರು! ದಿನವಿಡೀ ರೇಡಿಯೋದಲ್ಲಿ ವಿಕ್ಟರ್ ವಿಕ್ಟರ್ ಅಂತ ಕೂಗಿದ್ರೆ ನಮಗೆಂಥ ಲಾಭ? ನಮ್ಮವರ ಹೆಸರು ಕೂಗುವ. ಅಕ್ಷರಕ್ಕೊಬ್ಬ ಸ್ಪಾನ್ಸರ್. ಗಲ್ಫಲ್ಲಿ ವೀಸಾಕ್ಕೆ ಸ್ಪಾನ್ಸರ್ ಇಲ್ಲದೆ ಮನುಷ್ಯನೇ ನಿಲ್ಲಿಕ್ಕೆ ಆಗುದಿಲ್ಲ, ಅಕ್ಷರ ಹೇಗೆ ನಿಲ್ತದೆ?"

ಬೇಡ ಎನ್ನಲು ಯಜ್ಞೇಶ್ ಬಾಯಿ ತೆರೆದ. ಆದರೆ ಕೆಲಸ ಬೇಕಾದವನ ಬಾಯಿಂದ ಬೇಡ ಎಂಬ ಮಾತು ಅಷ್ಟು ಸುಲಭದಲ್ಲಿ ಹೊರಡುವುದಿಲ್ಲ. ದೂಮಪ್ಪಣ್ಣ ಅಧ್ಯಕ್ಷರ ಬಲಗೈ. "ನಿಮ್ಮಿಷ್ಟ ದೂಮಪ್ಪಣ್ಣ," ಎಂದುಬಿಟ್ಟ. ಜ್ಯೋತ್ಸ್ನಾ ಅವನನ್ನೊಮ್ಮೆ ನೋಡಿ, ಮತ್ತೆ ಬಾಟಲಿ ಜೋಡಿಸಿದಳು.

ದೂಮಪ್ಪಣ್ಣ ಫೋನ್ ತೆಗೆದು ಬಳಗದ ಗ್ರೂಪಿಗೆ ಮೆಸೇಜು ಹಾಕಿದ್ದೇ ತಡ, ಅಕ್ಷರಗಳು ಬಿಸಿ ಗೋಳಿಬಜೆಯಂತೆ ಖಾಲಿಯಾದವು. ಎಲ್ಲರಿಗೂ ಸುಲೈಮಾನಿ ಚಹಾ ಕೊಡುತ್ತೇನೆಂದ ಆಯಿಷಮ್ಮನಿಗೆ ಎ. ಕುರ್ಚಿ ಸಾಗಿಸಲು ವ್ಯಾನ್ ಕೊಟ್ಟ ನೌಶಾದನಿಗೆ ಎನ್. ಬಾಗಲಕೋಟೆ ಕಡೆಯ ಲಕ್ಕವ್ವ ಊಟಕ್ಕೆ ಜೋಳದ ರೊಟ್ಟಿ ತಮ್ಮದೇ ಎಂದರು, ಅವರಿಗೆ ಎಲ್. ಡಿ ಅಕ್ಷರವನ್ನು ದೂಮಪ್ಪಣ್ಣ ಯಾರಿಗೂ ತೋರಿಸಲೇ ಇಲ್ಲ. ಕ್ಯೂ ಮಾತ್ರ ಜಗಳವಿಲ್ಲದೆ ಕತಾರ್ ಆಯಿತು. ಅದರ ಜಾಗದಲ್ಲಿ ಅಷ್ಟು ವರ್ಷ ಕ್ಯೂಬೆಕ್ ಎಂಬ ಊರಿತ್ತೆಂದು ತಿಳಿದು, ಇಲ್ಲಿನ ಅನ್ನ ತಿನ್ನುವವರೆಲ್ಲ ಬೇಸರಪಟ್ಟರು. ಎಕ್ಸ್ ಅಕ್ಷರಕ್ಕೆ ಎಕ್ಸ್‌ರೇ ಎಂದೇ ಉಳಿಯಿತು. ಪ್ರಥಮ ಚಿಕಿತ್ಸೆಗೆ ಕೂತಿದ್ದ ನರ್ಸ್ ಅಗಾತಾ ಬಾಯಿ ಅದು ತಮ್ಮ ಗೌರವಾರ್ಥ ಎಂದುಕೊಂಡು ಕೈ ಮುಗಿದರು.

ಪ್ರಿಂಟಿಂಗ್ ಕೆಲಸದ ರೋಶನ್ ಬೋರ್ಡುಗಳ ಮೇಲೆ ಸ್ಟಿಕ್ಕರ್ ಅಂಟಿಸಿದ. ಕಾರ್ಡುಗಳಲ್ಲಿ ಹಳೆಯ ಹೆಸರು ಹೊಡೆದು ಹೊಸದು ಬರೆದದ್ದಾಯಿತು. ಗೋಣಿಚೀಲದ ಓಟ ಶುರುವಾಗಿ, ರೇಡಿಯೋದಲ್ಲಿ "ಆಯಿಷಮ್ಮಕ್ಕೆ ನೀರು ಕಳಿಸಿ", "ನೌಶಾದದಲ್ಲಿ ಒಬ್ಬ ಬಿದ್ದಿದ್ದಾನೆ" ಎಂಬ ಮಾತುಗಳು ಸಲೀಸಾಗಿ ಹರಿದಾಡಿದವು. ಪರವಾಗಿಲ್ಲ ಎಂದುಕೊಂಡ ಯಜ್ಞೇಶ್.

ಅಷ್ಟರಲ್ಲಿ ಲ್ಯಾನ್ಸ್‌ಲಾಟ್ ಸರ್ ಬಂದರು. ಒಂದು ಕೈಯಲ್ಲಿ ಮೈಸೂರು ಪೇಟ, ಇನ್ನೊಂದರಲ್ಲಿ ಶಾಲು, ಮೊಣಕೈಯಲ್ಲಿ ಜೋತ ಏಲಕ್ಕಿ ಹಾರ. ಮಧ್ಯಾಹ್ನ ಮುಖ್ಯ ಅತಿಥಿಯಾಗಿ ಅಬು ಫಹದ್ ಎಂಬ ದೊಡ್ಡ ಮನುಷ್ಯರು ಬರುವವರಿದ್ದರು. ಲುಸೈಲಿನಲ್ಲಿ ಅವರದ್ದೊಂದು ಗೋಪುರದಂಥ ಕಟ್ಟಡ. ಅದರ ನಿರ್ವಹಣೆಯ ಗುತ್ತಿಗೆಯ ಮೇಲೆ ಲ್ಯಾನ್ಸ್‌ಲಾಟ್ ಸರ್ ಕಣ್ಣಿಟ್ಟಿದ್ದರು. ಅವರು ವೇದಿಕೆಯ ಪಕ್ಕದ ಸ್ವಾಗತದ ಚೌಕಕ್ಕೆ ನಡೆದು, ಅಲ್ಲಿಯ ಬೋರ್ಡು ನೋಡಿ ನಿಂತುಬಿಟ್ಟರು. ಎಲ್. ಕೆಳಗೆ, ಲಕ್ಕವ್ವ.

"ಯಜ್ಞೇಶ್, ವಾಟ್ ಈಸ್ ದಿಸ್?"

ಯಜ್ಞೇಶ್ ಹೇಳಿದ. ಹೇಳುವಾಗ ದೂಮಪ್ಪಣ್ಣನಿಗಾಗಿ ಆಚೀಚೆ ನೋಡಿದ. ದೂಮಪ್ಪಣ್ಣ ಹಗ್ಗಜಗ್ಗಾಟದ ಕಡೆ ಬಹಳ ವೇಗವಾಗಿ ನಡೆದುಹೋಗುತ್ತಿದ್ದರು.

"ಇಲ್ಲ, ನನಗೆ ಬೇಜಾರಿಲ್ಲ," ಎಂದರು ಲ್ಯಾನ್ಸ್‌ಲಾಟ್ ಸರ್, ಬೇಜಾರಿನಿಂದಲೇ. "ಆರು ಸಲ ಅಧ್ಯಕ್ಷ ಆದವ ನಾನು. ಎಲ್ ಅಂದ್ರೆ ಲಕ್ಕವ್ವ ಅಂತ ಬಳಗಕ್ಕೆ ಅನಿಸಿದ್ರೆ ಅನಿಸ್ಲಿ. ನಾನೆಂಥ ಹೇಳುದು?"

ಯಜ್ಞೇಶ್ ಮೈದಾನದ ಆ ತುದಿಗೆ, ಲಕ್ಕವ್ವನ ಒಲೆಯ ಹತ್ತಿರ ಓಡಿದ. ಲಕ್ಕವ್ವ ಗ್ಯಾಸ್ ಒಲೆಯ ಮೇಲೆ ಹಂಚಿಟ್ಟು ರೊಟ್ಟಿ ಬೇಯಿಸುತ್ತಿದ್ದರು.

"ಲಕ್ಕವ್ವಕ್ಕ, ಅಧ್ಯಕ್ಷರಿಗೆ ಎಲ್ ಬೇಕಂತೆ, ನಿಮಗೆ ಬೇರೆ ಅಕ್ಷರ ಕೊಡ್ಲಾ? ಝಡ್ ಒಳ್ಳೇದುಂಟು."

"ಯಾಕ್ರೀ? ದೂಮಪ್ಪಣ್ಣ ಫೋನಿನ್ಯಾಗ ಮಾತು ಕೊಟ್ಟಾರ. ನಸುಕಿನ್ಯಾಗ ಎದ್ದು ರೊಟ್ಟಿ ಬಡದೀನಿ, ನೋಡ್ರಿಲ್ಲೆ, ಕೈ ಸುಟ್ಟೈತಿ. ನಮ್ಮನ್ಯಾವ್ರು ಶಂಭುಲಿಂಗಪ್ಪ ಊರಿಗೆಲ್ಲಾ ಫೋಟೋ ಕಳಿಸ್ಯಾರ, ಬೋರ್ಡಿನ ಮ್ಯಾಲೆ ನನ್ನ ಹೆಸರು ಅಂತ. ಸಾಹೇಬ್ರಿಗೆ ಬೇಕಂದ್ರ ಒಂದು ರೊಟ್ಟಿ ಬಡದು ತೋರಸ್ಲಿ, ಆಮ್ಯಾಲ ನೋಡೂಣು."

ಆ ಸುಟ್ಟ ಕೈ ನೋಡಿ ಯಜ್ಞೇಶನಿಗೆ ನಿಜಕ್ಕೂ ಪಾಪ ಅನಿಸಿತು. ಅವನು ಒಂದು ರಾಜಿ ಹುಡುಕಿದ. ಬೋರ್ಡಿನ ಮೇಲೆ ಲಕ್ಕವ್ವ ಇರಲಿ, ರೇಡಿಯೋದಲ್ಲಿ ಲ್ಯಾನ್ಸ್‌ಲಾಟ್ ಎನ್ನೋಣ. ಹತ್ತಿರ ಸಿಕ್ಕ ಸ್ವಯಂಸೇವಕರ ಕಾರ್ಡು ತಿದ್ದಿದ, ದೂರವಿದ್ದವರಿಗೆ ಆಮೇಲೆ ಹೇಳುತ್ತೇನೆಂದುಕೊಂಡ. ಆದರೆ ಅಧ್ಯಕ್ಷರಿಗೆ ಅಕ್ಷರ ಸಿಕ್ಕಿತೆಂಬ ಸುದ್ದಿ ಹಬ್ಬಿದ್ದೇ, ಸಿಗದವರೆಲ್ಲ ಎದ್ದು ಕೂತರು. ಡಾನ್ಸ್ ಟೀಚರ್ ಶರ್ಮಿಳಾಗೆ ಎಸ್ ಕೊಟ್ಟರೆ ತಾನೇನು ಕಮ್ಮಿ ಎಂದಳು ಸುವರ್ಣಾ. ಪೂವಕ್ಕನ ಪಿ ತನಗೂ ಸಲ್ಲಬೇಕೆಂದ ಪ್ರಮೋದ. ಯಜ್ಞೇಶ್ ಎಲ್ಲರಿಗೂ ಆಯ್ತು ಎಂದ. ಜುಮಾ ನಮಾಜಿನ ಹೊತ್ತಿಗೆ ಮೈದಾನದಲ್ಲಿ ಒಬ್ಬರ ಕಾರ್ಡು ಇನ್ನೊಬ್ಬರ ಕಾರ್ಡಿನಂತೆ ಇರಲಿಲ್ಲ.

ನಮಾಜು ಮುಗಿಸಿ ಬಂದ ನೌಶಾದ ಗೇಟಿನಲ್ಲಿ ನಿಂತ. ಸ್ವಲ್ಪ ಹೊತ್ತಿಗೆ ಅವನ ದನಿ ರೇಡಿಯೋದಲ್ಲಿ ಬಂತು.

"ಯಜ್ಞೇಶಣ್ಣಾ, ಬಿಳಿ ಲ್ಯಾಂಡ್‌ಕ್ರೂಸರ್ ಬಂದಿದೆ. ದೊಡ್ಡವರದ್ದು ಅಂತ ಕಾಣ್ತದೆ. ಎಲ್ಲಿಗೆ ಕಳಿಸ್ಲಿ?"

ಸ್ವಾಗತದ ಚೌಕದಲ್ಲಿ ಲ್ಯಾನ್ಸ್‌ಲಾಟ್ ಸರ್ ಹಾರ ಹಿಡಿದು ಯಜ್ಞೇಶನ ಬೆನ್ನ ಹಿಂದೆಯೇ ನಿಂತಿದ್ದರು. ಅವನು ಎದೆಯುಬ್ಬಿಸಿ, "ಲ್ಯಾನ್ಸ್‌ಲಾಟ್! ಲ್ಯಾನ್ಸ್‌ಲಾಟ್!" ಎಂದ. ಹಿಂದಿನಿಂದ ಸಂತೋಷದ ಸಣ್ಣ ಕೆಮ್ಮು ಕೇಳಿತು.

ನೌಶಾದ ತನ್ನ ಕಾರ್ಡು ನೋಡಿದ. ಅದು ತಿದ್ದದ ಕಾರ್ಡು, ಅದರಲ್ಲಿ ಲ್ಯಾನ್ಸ್‌ಲಾಟ್ ಎಂಬ ಚೌಕವೇ ಇರಲಿಲ್ಲ. ಮುಂದೆ ಕೇಳಿ ಎಂದು ಗಾಡಿ ಬಿಟ್ಟ. ಮುಂದಿದ್ದ ಪ್ರಮೋದ ಬೋರ್ಡುಗಳನ್ನೆಲ್ಲ ಹುಡುಕಿದ. ಯಾವ ಬೋರ್ಡಿನಲ್ಲೂ ಆ ಹೆಸರಿಲ್ಲ. ಅವನು ಬಲಕ್ಕೆ ತೋರಿಸಿದ. ಬಲಕ್ಕಿದ್ದ ಪೂವಕ್ಕ ಎಡಕ್ಕೆ ತೋರಿಸಿದರು. ಬಿಳಿ ಗಾಡಿ ವೇದಿಕೆಯ ಎದುರಿನಿಂದಲೇ ಗಂಭೀರವಾಗಿ ಹಾದು, ಮೈದಾನಕ್ಕೆ ಒಂದು ಸುತ್ತು ಬಂತು. ಲ್ಯಾನ್ಸ್‌ಲಾಟ್ ಸರ್ ಹಾರವೆತ್ತಿ ಮುಗುಳ್ನಕ್ಕರು. ಗಾಡಿ ನಿಲ್ಲಲಿಲ್ಲ. ಎರಡನೇ ಸುತ್ತಿಗೆ ಹೋಯಿತು.

"ಲಕ್ಕವ್ವ, ಲಕ್ಕವ್ವ," ಎಂದು ಯಜ್ಞೇಶ್ ರೇಡಿಯೋವನ್ನು ಬಾಯಿಗೆ ಒತ್ತಿಕೊಂಡು ಪಿಸುಗುಟ್ಟಿದ. ಅದು ಬೆನ್ನ ಹಿಂದಿದ್ದವರ ಹೊರತು ಯಾರಿಗೂ ಕೇಳಿಸಲಿಲ್ಲ.

"ಎಂಥ ಅಂದೆ?" ಎಂದರು ಲ್ಯಾನ್ಸ್‌ಲಾಟ್ ಸರ್.

"ಎಂಥದ್ದಿಲ್ಲ ಸರ್." ಗಾಬರಿಯಲ್ಲಿ ಅವನಿಗೆ ಎಲ್ ಅಕ್ಷರಕ್ಕೆ ಇಷ್ಟು ವರ್ಷ ಉಸಿರಾಡಿದ ಹಳೆಯ ಶಬ್ದವೇ ನೆನಪಿಗೆ ಬಂತು. "ಲಿಮಾ! ಎಲ್ಲರೂ ಕೇಳಿ, ಲಿಮಾ! ಲಿಮಾ!"

ರೇಡಿಯೋದಲ್ಲಿ ಪೂವಕ್ಕನ ದನಿ ಬಂತು. "ಲಿಮಾ ಯಾರು ಯಜ್ಞೇಶಾ? ಅವರದ್ದು ಎಂಥ ಸ್ಪಾನ್ಸರ್?"

ಗಾಡಿ ಮೂರನೆಯ ಸುತ್ತಿನಲ್ಲಿ ದಾರಿ ತಪ್ಪಿ ಊಟದ ಕಡೆಗೆ ತಿರುಗಿತು. ಅಲ್ಲಿ ಲಕ್ಕವ್ವ ಕೈಯಲ್ಲಿ ರೊಟ್ಟಿ ಹಿಡಿದುಕೊಂಡೇ ಎದ್ದು ಬಂದರು.

"ಏ ಡ್ರೈವರಾ! ರೊಟ್ಟಿಗೆಲ್ಲಾ ಧೂಳ ಹಾರಸ್ತೀಯೇನು? ನಿಲ್ಸಽ ಗಾಡಿ!"

ಅಷ್ಟು ಹೊತ್ತಿನಲ್ಲಿ ಆ ಗಾಡಿಗೆ ಸಿಕ್ಕ ಮೊದಲ ಸ್ಪಷ್ಟ ಸೂಚನೆ ಅದು. ಗಾಡಿ ನಿಂತಿತು. ಹಿಂದಿನ ಬಾಗಿಲು ತೆರೆದು, ಕಾಲ್ಮುಟ್ಟುವ ಬಿಳಿ ಥೋಬು ಧರಿಸಿದ ಹಿರಿಯರೊಬ್ಬರು ಕೆಳಗಿಳಿದು, ಮೂಗರಳಿಸಿ, ಹಂಚಿನ ಮೇಲೆ ಉಬ್ಬುತ್ತಿದ್ದ ರೊಟ್ಟಿಯನ್ನು ನೋಡಿದರು. ಲಕ್ಕವ್ವನಿಗೆ ಅವರು ಯಾರೆಂದು ಗೊತ್ತಿರಲಿಲ್ಲ. ಹಸಿದವರಂತೆ ಕಂಡರು, ಅಷ್ಟೇ ಸಾಕಾಯಿತು. ಕುರ್ಚಿ ಎಳೆದು ಕೂರಿಸಿ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ ಬಡಿಸಿದರು.

ಲ್ಯಾನ್ಸ್‌ಲಾಟ್ ಸರ್ ಹಾರದೊಂದಿಗೆ ಮೈದಾನ ಓಡಿ ಮುಟ್ಟುವಷ್ಟರಲ್ಲಿ ಅಬು ಫಹದ್ ಕೈ ತೊಳೆಯುತ್ತಿದ್ದರು.

"ಝೈನ್, ವೆರಿ ಝೈನ್!" ಎಂದರು ಅವರು ಅರೆಬರೆ ಇಂಗ್ಲಿಷಿನಲ್ಲಿ. "ನಿಮ್ಮ ಜನ ಒಳ್ಳೆಯವರು. ಮೊದಲು ಇಡೀ ಮೈದಾನ ತೋರಿಸಿದರು, ಆಮೇಲೆ ಊಟ ಕೊಟ್ಟರು. ಭಾಷಣಕ್ಕೆ ಹೊತ್ತಿಲ್ಲ. ಭಾನುವಾರ ಆಫೀಸಿಗೆ ಬನ್ನಿ, ಕಟ್ಟಡದ ಮಾತು ಮುಗಿಸೋಣ. ಯಲ್ಲಾ!" ಅವರು ಲಕ್ಕವ್ವ ಕಟ್ಟಿಕೊಟ್ಟ ರೊಟ್ಟಿಯ ಗಂಟನ್ನು ಡ್ರೈವರಿನ ಕೈಗೂ ಕೊಡದೆ ತಾವೇ ಹಿಡಿದುಕೊಂಡು ಹೊರಟುಹೋದರು. ಪೇಟ, ಶಾಲು, ಹಾರ ಉಳಿದವು.

ಲ್ಯಾನ್ಸ್‌ಲಾಟ್ ಸರ್ ಯಜ್ಞೇಶನನ್ನು ವೇದಿಕೆಯ ಹಿಂದೆ ಕರೆದರು. "ಅದೃಷ್ಟದಲ್ಲಿ ಮರ್ಯಾದೆ ಉಳೀತು. ಈಗ ಹೇಳು, ಆ ಗಾಡಿ ಯಾಕೆ ತಿರುಗ್ತಾ ಇತ್ತು?"

ಕೆಲಸ ಹೋಯಿತು ಎಂದು ಯಜ್ಞೇಶನಿಗೆ ಖಾತ್ರಿಯಾಯಿತು. ಹೋದ ಮೇಲೆ ಇನ್ನೆಂಥ ಹೆದರಿಕೆ ಎನಿಸಿ, ಅವನು ಬೆಳಿಗ್ಗೆ ಹೇಳಬೇಕಾಗಿದ್ದನ್ನು ಆಗ ಹೇಳಿದ.

"ತಪ್ಪು ನನ್ನದು ಸರ್. ಬೇಡ ಅಂತ ಹೇಳ್ಬೇಕಿತ್ತು. ಆ ಪ್ರೊಫೆಸರು, ಆ ವಿಮಾನದವರು ಅಷ್ಟು ಒದ್ದಾಡಿದ್ದು ಇದಕ್ಕೇ. ಎಲ್ಲರೂ ತಮ್ಮ ತಮ್ಮ ಹೆಸರು ಹಿಡ್ಕೊಂಡು ಕೂತ್ರೆ ವಿಮಾನ ಇಳಿಯುದಿಲ್ಲ. ದೂಮಪ್ಪಣ್ಣ ಕೇಳಿದ್ರು, ಚಾರ್ಲಿ ಯಾರು ಅಂತ. ಚಾರ್ಲಿ ಯಾರೂ ಅಲ್ಲ ಸರ್. ಅದೇ ಅವನ ದೊಡ್ಡ ಗುಣ. ಅವನು ಯಾರ ಅಳಿಯನೂ ಅಲ್ಲ, ಯಾರ ಬಾವನೂ ಅಲ್ಲ, ಯಾರ ಊರಿನವನೂ ಅಲ್ಲ. ಅವನನ್ನು ಕೂರಿಸಿದ್ರೆ ಯಾರಿಗೂ ಬೇಜಾರಿಲ್ಲ. ಅದಕ್ಕೇ ಇಷ್ಟು ವರ್ಷದಿಂದ ಆ ಕುರ್ಚಿಯಲ್ಲಿ ಅವನೇ ಕೂತಿದ್ದಾನೆ."

ಲ್ಯಾನ್ಸ್‌ಲಾಟ್ ಸರ್ ಅವನ ಹೆಗಲ ಮೇಲೆ ಕೈಯಿಟ್ಟರು.

"ಎಂಥ ಮಾತು ಹೇಳಿದೆ ಮಾರಾಯ! ಒಂದು ತಿಂಗಳಿಂದ ಆ ಪೋಸ್ಟಿನ ತಲೆಬಿಸಿಯಲ್ಲಿ ನನಗೆ ನಿದ್ದೆ ಇಲ್ಲ. ನೀನು ಒಂದು ನಿಮಿಷದಲ್ಲಿ ಬಿಡಿಸಿದೆ. ಸಂಜೆ ಸ್ಟೇಜಿನ ಹತ್ತಿರವೇ ಇರು, ಆಯ್ತಾ?" ಎಂದು ಫೋನ್ ಕಿವಿಗಿಟ್ಟುಕೊಂಡು ಅವಸರದಲ್ಲಿ ನಡೆದರು.

ಕೆಲಸ ಸಿಕ್ಕಿದ ಹಾಗೆಯೇ ಎಂದು ಯಜ್ಞೇಶ್ ಓಡಿಹೋಗಿ ಜ್ಯೋತ್ಸ್ನಾಳಿಗೆ ಹೇಳಿದ. ಅವಳು ನಂಬಲಿಲ್ಲ. ಆಮೇಲೆ ನಂಬಿದಳು. ನಂಬಿದ ಮೇಲೆ ದುಪಟ್ಟಾದ ಅಂಚಿನಿಂದ ಕಣ್ಣೊರೆಸಿಕೊಂಡು, "ಆ ಹಾಳು ಆಲ್ಫಾ ಬ್ರಾವೋ ಕತೆ ಇನ್ನು ಮೇಲೆ ಎಷ್ಟು ಸಲ ಬೇಕಾದ್ರೂ ಹೇಳಿ, ನಾನು ಕೇಳ್ತೇನೆ," ಎಂದಳು. ದೀಕ್ಷಿತಾಗೆ ಇಬ್ಬರೂ ಸೇರಿ ಐಸ್‌ಕ್ರೀಮು ಕೊಡಿಸಿದರು.

ಬಿಸಿಲು ತಗ್ಗಿತು. ಬಹುಮಾನ ವಿತರಣೆ ಶುರುವಾಯಿತು. ಲ್ಯಾನ್ಸ್‌ಲಾಟ್ ಸರ್ ಮೈಕ್ ಹಿಡಿದರು.

"ಇವತ್ತು ಯಜ್ಞೇಶ್ ನನ್ನ ಕಣ್ಣು ತೆರೆಸಿದ. ಅವನಿಗೆ ಬಳಗದ ವತಿಯಿಂದ ಸನ್ಮಾನ!"

ಚಪ್ಪಾಳೆ. ಅಬು ಫಹದ್ ಬಿಟ್ಟುಹೋದ ಶಾಲು ಯಜ್ಞೇಶನ ಹೆಗಲೇರಿತು. ಏಲಕ್ಕಿ ಹಾರ ಕೊರಳಿಗೆ ಬಂತು. ಪೇಟ ಸ್ವಲ್ಪ ದೊಡ್ಡದಾಗಿ ಕಿವಿಯವರೆಗೆ ಇಳಿಯಿತು. ಕೆಳಗೆ ಜ್ಯೋತ್ಸ್ನಾ ಫೋಟೋ ತೆಗೆಯುತ್ತಿದ್ದಳು.

"ನಮ್ಮ ಕಂಟ್ರೋಲ್ ರೂಮಿನ ಪೋಸ್ಟಿಗೆ ನಿಮ್ಮೆಲ್ಲರ ಕಡೆಯವರೂ ಇದ್ದಾರೆ. ಒಬ್ಬರಿಗೆ ಕೊಟ್ರೆ ಇನ್ನೊಬ್ಬರಿಗೆ ನೋವು. ಇಷ್ಟು ದಿನ ನನಗೆ ದಾರಿ ಕಾಣ್ಲಿಲ್ಲ. ಯಜ್ಞೇಶ್ ಹೇಳಿದ, ಸರ್, ಯಾರ ಅಳಿಯನೂ ಅಲ್ಲದ, ಯಾರ ಊರಿನವನೂ ಅಲ್ಲದ ಒಬ್ಬನನ್ನು ಕೂರಿಸಿ ಅಂತ. ತನ್ನ ಕೆಲಸ ಹೋಗಿದ್ರೂ ತನಗೆ ಬೇಕು ಅನ್ಲಿಲ್ಲ ನೋಡಿ, ಎಂಥ ದೊಡ್ಡ ಮನಸ್ಸು! ಬಯೋಡೇಟಾ ಕಳಿಸಿದವರಲ್ಲಿ ಅಂಥವ ಒಬ್ಬ ಇದ್ದ, ಮನಿಲಾದವ. ಹೆಸರು ನೋಡಿದ ಮೇಲಂತೂ ದೇವರೇ ಕಳಿಸಿದ್ದು ಅಂತ ಅನಿಸ್ತು. ಆಗಲೇ ಫೋನ್ ಮಾಡಿ ಕರೆಸಿದೆ. ಬಾ, ಬಾ, ಕಮ್ ಅಪ್!"

ವೇದಿಕೆಯ ಬದಿಯಿಂದ ಇಸ್ತ್ರಿ ಹಾಕಿದ ಅಂಗಿಯ ಫಿಲಿಪೀನ್ಸಿನ ತರುಣನೊಬ್ಬ ನಾಚುತ್ತಾ ಮೇಲೆ ಬಂದ. ಇಡೀ ಬಳಗ ಎದ್ದು ನಿಂತು ಚಪ್ಪಾಳೆ ತಟ್ಟಿತು. ಒಬ್ಬರ ಮುಖದಲ್ಲೂ ಬೇಸರವಿರಲಿಲ್ಲ. ಅವನು ಯಜ್ಞೇಶನ ಪೇಟಕ್ಕೆ ಗೌರವದಿಂದ ತಲೆಬಾಗಿ, ಎರಡೂ ಕೈಗಳಿಂದ ಅವನ ಕೈ ಹಿಡಿದು ಕುಲುಕಿದ.

"ಥ್ಯಾಂಕ್ಯೂ ಸರ್. ಐ ಆಮ್ ಚಾರ್ಲಿ."

ಕೆಳಗೆ ಜ್ಯೋತ್ಸ್ನಾ ಫೋನನ್ನು ಮೆಲ್ಲನೆ ಇಳಿಸಿದಳು. ವೇದಿಕೆಯ ಮೇಲೆ ಪಕ್ಕದಲ್ಲೇ ನಿಂತಿದ್ದ ದೂಮಪ್ಪಣ್ಣ ಯಜ್ಞೇಶನ ಶಾಲು ಎಳೆದು, ಕಿವಿಯ ಹತ್ತಿರ ಬಾಯಿ ತಂದು ಆಕ್ಷೇಪಿಸಿದರು.

"ಬೆಳಿಗ್ಗೆಯಿಂದ ಕೇಳ್ತಾ ಇದ್ದೇನಲ್ಲ ಯಜ್ಞೇಶಾ, ಚಾರ್ಲಿ ಯಾರು ಅಂತ. ಇವನೇ ಅಂತ ಆಗ್ಲೇ ಹೇಳ್ಬಾರ್ದಿತ್ತಾ?"